ಆಮ್ರಪಾಲಿ ಅಳೆದ ಕಣ್ಣುಗಳು

ಆಮ್ರಪಾಲಿಯ ಬಗ್ಗೆ ಬರೆಯಲು ಕುಳಿತರೆ ಮೊದಲು ನೆನಪಾಗುವುದು ಅವಳ ಹಟ. ಆರು ವರ್ಷದಿಂದ ಒಂದೇ ವ್ಯಾನಿನಲ್ಲಿ ಊರೂರು ತಿರುಗುತ್ತಿದ್ದೇವೆ, ಈ ಹಟ ಒಂದು ಇಂಚು ಕಡಿಮೆಯಾಗಿದ್ದನ್ನು ನಾನು ಕಂಡಿಲ್ಲ. ವಿಜಯಪುರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಅವಳು ತಪಾಸಣೆ ಮಾಡುವವಳು. ನಾನು, ಯಾಕೂಬ, ಚೀಟಿ ಬರೆಯುವವನು. ತಿಕೋಟಾ, ಬಬಲೇಶ್ವರದ ಕಡೆ ಶಿಬಿರ ಇದ್ದ ದಿನ ಬಾಗಿಲಲ್ಲಿ ಟೇಬಲ್ ಹಾಕಿಕೊಂಡು ಹೆಸರು, ವಯಸ್ಸು, ಊರು ಬರೆದು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತೇನೆ. ಸಾಲು ನೆಟ್ಟಗಿರಬೇಕು, ಒಬ್ಬರ ಚೀಟಿ ಇನ್ನೊಬ್ಬರ ಕೈಗೆ ಹೋಗಬಾರದು, ಊಟದ ಹೊತ್ತಿಗೆ ಊಟ ಆಗಬೇಕು. ನನ್ನ ಆಸೆ ಇಷ್ಟೇ. ಇದನ್ನು ಕೆಡಿಸುವುದಕ್ಕೇ ಆಮ್ರಪಾಲಿ ನಮ್ಮ ಆಸ್ಪತ್ರೆಗೆ ಸೇರಿದಳೇನೋ ಎಂದು ಎಷ್ಟೋ ಸಲ ಅನ್ನಿಸಿದೆ.

ಕನ್ನಡಕಕ್ಕೆ ಬಂದವರಿಗೆ ಕನ್ನಡಕ ಬರೆದುಕೊಟ್ಟರೆ ಕೆಲಸ ಮುಗಿಯಿತಲ್ಲ? ಅವಳಿಗೆ ಮುಗಿಯುವುದಿಲ್ಲ. ನಲವತ್ತು ದಾಟಿದ ಯಾರೇ ಬರಲಿ, ಕುರ್ಚಿಯಲ್ಲಿ ಕೂಡಿಸಿ ಕಣ್ಣಿನ ಒತ್ತಡ ಅಳೆದೇ ಕಳಿಸಬೇಕು. ಅವರ ಜೊತೆಗೆ ಸುಮ್ಮನೆ ಬಂದು ಬೆಂಚಿನ ಮೇಲೆ ಕುಳಿತವರನ್ನೂ ಬಿಡುವುದಿಲ್ಲ. ಒಮ್ಮೆ ಬಬಲೇಶ್ವರದಲ್ಲಿ ನಮಗೆ ಚಹಾ ತಂದುಕೊಟ್ಟ ಹೋಟೆಲಿನವನನ್ನೇ ಹಿಡಿದು ಕೂಡಿಸಿದಳು. ಅವನ ಕಣ್ಣು ಸರಿ ಇದ್ದವು, ನಮ್ಮ ಚಹಾ ಮಾತ್ರ ತಣ್ಣಗಾಗಿ ಹೋಯಿತು.

ಅವಳ ಯಂತ್ರ ಒಂದೇ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದರ ಮುಂದೆ ಒಂದು ತೆಳ್ಳನೆಯ ಕಡ್ಡಿ, ಕಡ್ಡಿಯ ತುದಿ ಮೊಂಡು. ಒಬ್ಬರಿಗೆ ಬಳಸಿದ ಕಡ್ಡಿಯನ್ನು ಇನ್ನೊಬ್ಬರಿಗೆ ಬಳಸುವುದಿಲ್ಲ. ಅದು ಕಣ್ಣಿನ ಗುಡ್ಡೆಗೆ ಮುಟ್ಟಿಯೂ ಮುಟ್ಟದ ಹಾಗೆ ಆರು ಸಲ ತಾಗಿ ಹಿಂದೆ ಬರುತ್ತದೆ, ಆಮೇಲೆ ಯಂತ್ರದಲ್ಲಿ ಒಂದು ಅಂಕಿ ಮೂಡುತ್ತದೆ. ಹತ್ತರಿಂದ ಇಪ್ಪತ್ತೊಂದರ ಒಳಗಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಮೂವತ್ತು ಎಂದು ತೋರಿಸಿದರೆ ಆಮ್ರಪಾಲಿಯ ಮುಖ ಸಣ್ಣದಾಗುತ್ತದೆ. ಅದನ್ನು ನೋಡಿಯೇ ನಾನು ಇವತ್ತು ಊಟ ತಡ ಎಂದು ತಿಳಿದುಕೊಳ್ಳುತ್ತೇನೆ.

ಅವಳು ವಿಜಯಪುರದ ಜೋರಾಪುರ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಅಪ್ಪ ಶಾಂತಪ್ಪ ನಗರಕ್ಕೆ ನಳದ ನೀರು ಬಿಡುವ ಕೆಲಸ ಮಾಡುತ್ತಿದ್ದವನು, ಈಗ ನಿವೃತ್ತಿ. ಓಣಿಯ ಹೆಣ್ಣುಮಕ್ಕಳು ಕೊಡ ಹಿಡಿದು ಅವನ ದಾರಿ ಕಾಯುತ್ತಿದ್ದರು. ಎಲ್ಲಿಯೋ ಕೊಳವೆ ಕಟ್ಟಿದ್ದರೆ ಅವನು ಅದರ ಮೇಲೆ ಅಂಗೈ ಇಟ್ಟು, ಇಲ್ಲಿ ಒತ್ತಡ ಜಾಸ್ತಿ ಇದೆ, ಮುಂದೆ ಅಗೆಯಿರಿ ಎನ್ನುತ್ತಿದ್ದನಂತೆ. ಮಗಳು ಅದೇ ಮಾತನ್ನು ಈಗ ಕಣ್ಣಿಗೆ ಹೇಳುತ್ತಾಳೆ. ಕುರ್ಚಿಯಲ್ಲಿ ಕುಳಿತ ಪ್ರತಿಯೊಬ್ಬರಿಗೂ ಅದೇ ಪಾಠ:

"ಕಣ್ಣಿನ ಒಳಗ ದಿನಾ ನೀರ ಹುಟ್ಟತೈತಿ, ದಿನಾ ಹರದ ಹೋಗತೈತಿ. ಅಳೂಮುಂದ ಬರ್ತೈತೆಲ್ಲ, ಆ ನೀರ ಅಲ್ರಿ, ಇದು ಬ್ಯಾರೆ. ಇದು ಹೋಗೂ ಹಾದಿ ಕಟ್ಟಿತಂದ್ರ ಒಳಗ ಒತ್ತಡ ಏರತೈತಿ. ಏರಿ ಏರಿ ಹಿಂದಿನ ನರ ಸಾಯತೈತಿ. ಬ್ಯಾನಿ ಆಗೂದಿಲ್ಲ, ಕೆಂಪ ಆಗೂದಿಲ್ಲ. ಗೊತ್ತ ಆಗೂದ್ರಾಗ ಕಣ್ಣ ಹೋಗಿರ್ತೈತಿ."

ಈ ಕೆಲಸಕ್ಕೆ ಅವಳು ಬಂದದ್ದು ಅಜ್ಜಿ ಭೀಮಾಬಾಯಿಯ ದೆಸೆಯಿಂದ. ಅಜ್ಜಿಗೆ ಕಣ್ಣು ಮಂಜಾಗತೊಡಗಿದಾಗ ಮನೆಯವರೆಲ್ಲ ಅದು ಪೊರೆ ಎಂದುಕೊಂಡರು. ಪೊರೆ ಹಣ್ಣಾಗಲಿ, ಆಮೇಲೆ ತೆಗೆಸಿದರಾಯಿತು ಎಂದು ನಾಲ್ಕು ವರ್ಷ ಕಾದರು. ಕಾದು ಕಾದು ಆಸ್ಪತ್ರೆಗೆ ಕರೆದುಕೊಂಡು ಹೋದರೆ, ಇದು ಪೊರೆಯಲ್ಲ, ಒತ್ತಡ, ಈಗ ಮಾಡುವಂಥದ್ದು ಏನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿದರು. ಆಗ ಆಮ್ರಪಾಲಿ ಹತ್ತನೆಯ ಇಯತ್ತೆಯಲ್ಲಿ ಓದುತ್ತಿದ್ದಳು. ಅಜ್ಜಿಯ ಕೈ ಹಿಡಿದು ಅಂಗಳಕ್ಕೆ ಕರೆದೊಯ್ಯುವ ಕೆಲಸ ಅವಳ ಪಾಲಿಗೆ ಬಂತು. ಮುಂದೆ ಪಿಯುಸಿ ಮುಗಿಸಿ ಕಣ್ಣಿನ ತಪಾಸಣೆಯ ಡಿಪ್ಲೊಮಾ ಮಾಡಿದಳು. ಇದನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ಅದೂ ನಾನು ಊಟ ತಡವಾಯಿತೆಂದು ಬೈದ ದಿನ. ಅವತ್ತಿನಿಂದ ಬೈಯುವುದನ್ನು ನಾನು ಕಡಿಮೆ ಮಾಡಿದ್ದೇನೆ. ಪೂರ್ತಿ ಬಿಟ್ಟಿಲ್ಲ.

ಈಗ ರೇವಪ್ಪನ ಸಂಗತಿಗೆ ಬರುತ್ತೇನೆ. ಆಮ್ರಪಾಲಿ ಎಂಥವಳು ಎಂಬುದು ನನಗೆ ಪೂರ್ತಿ ಗೊತ್ತಾದದ್ದು ಅವನಿಂದ.

ಹೋದ ವರ್ಷ ದೀಪಾವಳಿ ಮುಗಿದು ತಿಕೋಟಾದಲ್ಲಿ ಶಿಬಿರ ಇತ್ತು. ಘೋಣಸಗಿಯಿಂದ ಹುಚ್ಚವ್ವ ಎಂಬ ಹೆಣ್ಣುಮಗಳು ಬಂದಿದ್ದಳು. ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ, ಚಾಳೀಸು ಬೇಕು ಎಂದಳು. ಜೊತೆಗೆ ಗಂಡ ರೇವಪ್ಪ, ಐವತ್ತೆಂಟು ವಯಸ್ಸು, ಕುರಿ ಕಾಯುವವನು. ಹೆಗಲ ಮೇಲೆ ಕಂಬಳಿ, ಬಾಯಿ ತುಂಬ ಮೀಸೆ. ಅವನು ಬೆಂಚಿನ ಮೇಲೆ ಕುಳಿತಿದ್ದನಷ್ಟೇ, ಚೀಟಿಯನ್ನೂ ಮಾಡಿಸಿರಲಿಲ್ಲ. ಆಮ್ರಪಾಲಿ ಹೊರಗೆ ಬಂದು, "ಕಾಕಾ, ನೀವೂ ಬರ್ರಿ" ಎಂದಳು.

"ನನಗೇನಾಗೇತ್ರಿ ಬಾಯಾರ? ಮುನ್ನೂರ ಕುರಿ ಅದಾವ. ಒಂದೊಂದರ ಮಾರಿ ನೋಡಿ ಯಾವುದರ ಮಗಳು ಅಂತ ಹೇಳತೇನಿ. ಬರ್ರಿ ಬೇಕಾದ್ರ, ನೋಡ್ರಿ."

"ಆತು, ಒಂದ ಮಿನಿಟ ಕುಂಡ್ರಿ. ನಿಮ್ಮ ಕುರಿಗೋಳ ಸಲುವಾಗಿ ಕುಂಡ್ರಿ."

ಬಲಗಣ್ಣು ಮೂವತ್ತೆರಡು, ಎಡಗಣ್ಣು ಮೂವತ್ತಾರು. ಆಮ್ರಪಾಲಿಯ ಮುಖ ಸಣ್ಣದಾಯಿತು. ನಾನು ಊಟದ ಡಬ್ಬಿಯ ಕಡೆ ಒಮ್ಮೆ ನೋಡಿ ಹೊಸ ಚೀಟಿ ತೆಗೆದೆ.

ವಿಜಯಪುರಕ್ಕೆ ಕರೆಸಿ ನಮ್ಮ ಡಾಕ್ಟರ್ ಪೂನಮ ಅವರು ಒಳಗಿನ ನರ ನೋಡಿದರು. ಎಡಗಣ್ಣು ಮುಕ್ಕಾಲು ಪಾಲು ಹೋಗಿತ್ತು. ಮೂಗಿನ ನೇರಕ್ಕೆ ಇದ್ದದ್ದು ಒಂದಿಷ್ಟು ಕಾಣುತ್ತಿತ್ತು, ಸುತ್ತಲಿನದು ಇಲ್ಲ. ಬಲಗಣ್ಣಿನಲ್ಲೂ ಅಂಚು ಹೋಗಲು ಶುರುವಾಗಿತ್ತು. ಆದರೂ ಅದನ್ನು ಉಳಿಸಿಕೊಳ್ಳಬಹುದು, ಒತ್ತಡ ಇಳಿಸಬೇಕು ಅಷ್ಟೇ ಎಂದರು. ಮುಂಜಾನೆ ಒಂದು ಹನಿ, ಸಂಜೆ ಒಂದು ಹನಿ, ಎರಡೂ ಕಣ್ಣಿಗೆ, ಬದುಕಿರುವವರೆಗೆ. ರೇವಪ್ಪ ಬಾಟಲಿಯನ್ನು ಕೈಯಲ್ಲಿ ತಿರುಗಿಸಿ ನೋಡಿದ. ಇಷ್ಟು ಸಣ್ಣದಾ ಎಂದು ನಕ್ಕು ಕಂಬಳಿಯ ಗಂಟಿನಲ್ಲಿ ಕಟ್ಟಿಕೊಂಡ.

ಬಾಟಲಿಯ ವಿಷಯದಲ್ಲಿ ನನ್ನದೊಂದು ನಿಯಮ ಇತ್ತು. ಶಿಬಿರದಲ್ಲಿ ಸಿಕ್ಕವರಿಗೆ ನಮ್ಮ ಆಸ್ಪತ್ರೆಯೇ ಹನಿ ಕೊಡುತ್ತದೆ. ಜನ ತೆಗೆದುಕೊಂಡು ಹೋಗಿ ಗೋಡೆಯ ಮಾಡದಲ್ಲಿ ಇಟ್ಟು ಮರೆಯುತ್ತಾರೆ ಎಂದು, ಖಾಲಿ ಬಾಟಲಿ ತೋರಿಸಿದವರಿಗೆ ಮಾತ್ರ ಹೊಸದು ಎಂದು ನಾನು ಮಾಡಿದ್ದೆ. ನನ್ನ ತಲೆಯ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ರೇವಪ್ಪ ಪ್ರತಿ ತಿಂಗಳು ತಪ್ಪದೆ ಖಾಲಿ ಬಾಟಲಿ ತರುತ್ತಿದ್ದ. ಇವನನ್ನು ನೋಡಿ ಕಲಿಯಿರಿ ಎಂದು ಸಾಲಿನಲ್ಲಿದ್ದವರಿಗೆಲ್ಲ ನಾನು ಬಾಟಲಿ ಎತ್ತಿ ತೋರಿಸಿದ್ದೂ ಉಂಟು. ಅದನ್ನು ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಒಂದು ತಿಂಗಳಾದ ಮೇಲೆ ಅಳೆದರೆ ಬಲಗಣ್ಣು ಮೂವತ್ತೆರಡೇ. ಡಾಕ್ಟರು ಇನ್ನೊಂದು ಹನಿ ಸೇರಿಸಿದರು. ಎರಡನೆಯ ತಿಂಗಳು ಮೂವತ್ತೊಂದು. ಮೂರನೆಯ ತಿಂಗಳು ಮೂವತ್ತಮೂರು. ಖಾಲಿ ಬಾಟಲಿಗಳು ಸಾಲಾಗಿ ಬಂದವು, ಅಂಕಿ ಮಾತ್ರ ಇಳಿಯಲಿಲ್ಲ.

ಡಾಕ್ಟರ್ ಪೂನಮ ಕೊನೆಗೆ, ಹನಿಗೆ ಬಗ್ಗುತ್ತಿಲ್ಲ, ಬಲಗಣ್ಣಿಗೆ ಆಪರೇಶನ್ ಮಾಡಿ ನೀರು ಹೋಗಲು ದಾರಿ ಮಾಡಬೇಕು, ಹೀಗೆಯೇ ಬಿಟ್ಟರೆ ಈ ಕಣ್ಣೂ ಎಡಗಣ್ಣಿನ ಹಾದಿ ಹಿಡಿಯುತ್ತದೆ ಎಂದರು. ಮುಂದಿನ ತಿಂಗಳಿಗೆ ತಾರೀಖು ಗೊತ್ತು ಮಾಡಿದರು. ರೇವಪ್ಪ ಕಂಬಳಿ ಕೊಡವಿ ಎದ್ದುಬಿಟ್ಟ.

"ಕಣ್ಣಿಗೆ ಕತ್ತರಿ ಹಚ್ಚಾಕ ನಾ ಬಿಡೂದಿಲ್ರಿ. ಇದ್ದಷ್ಟ ದಿನ ಇರ್ಲಿ, ಹೋದ್ರ ಹೋಗ್ಲಿ."

ಹುಚ್ಚವ್ವ ಗಂಡನ ಎಡಗಡೆಗೆ ಹೋಗಿ ನಿಂತು, ಅವನ ಮೊಳಕೈ ಹಿಡಿದು ಬಾಗಿಲು ದಾಟಿಸಿದಳು.

ಅವತ್ತು ಮಧ್ಯಾಹ್ನ ಆಮ್ರಪಾಲಿ ಡಬ್ಬಿ ಬಿಚ್ಚಲಿಲ್ಲ. ಅವಳ ಅವ್ವ ಸಾವಂತ್ರವ್ವ ಬಡಿಯುವ ಜೋಳದ ರೊಟ್ಟಿಯ ರುಚಿ ಗೊತ್ತಿದ್ದವರು ಆ ಡಬ್ಬಿಯನ್ನು ಮುಚ್ಚಿ ಇಡುವುದಿಲ್ಲ. "ನಿನ್ನ ಮಶೀನ ಕೆಟ್ಟಿರಬೇಕ ನೋಡವಾ" ಎಂದೆ, ಸಮಾಧಾನ ಮಾಡಲು. ಅದು ಸಮಾಧಾನದ ಮಾತಲ್ಲ ಎಂದು ಆಡಿದ ಮೇಲೆ ಗೊತ್ತಾಯಿತು. ಅವಳು ತಟ್ಟನೆ ಎದ್ದು ನನ್ನನ್ನೇ ಕುರ್ಚಿಯಲ್ಲಿ ಕೂಡಿಸಿದಳು. ಆರು ವರ್ಷ ತಪ್ಪಿಸಿಕೊಂಡಿದ್ದೆ, ಅವತ್ತು ಸಿಕ್ಕಿಬಿದ್ದೆ. ಹದಿನೈದು ಬಂತು. ಒಳಗಿನ ಕೋಣೆಯಲ್ಲಿದ್ದ ನೀಲಿ ಬೆಳಕಿನ ದೊಡ್ಡ ಯಂತ್ರದಲ್ಲಿಯೂ ಅಳೆದಳು. ಅಲ್ಲಿಯೂ ಹದಿನೈದು.

"ಮಶೀನ ಖರೇ ಐತಿ, ಯಾಕೂಬಭಾಯಿ. ಎರಡ ಥರದ ಹನಿ ಹಾಕ್ಯಾರ, ಒಂದ ಅಂಕಿನೂ ಇಳದಿಲ್ಲ. ಬರೇ ನೀರ ಹಾಕ್ಕೊಂಡಿದ್ರೂ ಇಷ್ಟ ಇರ್ತಿತ್ತು."

"ಬಾಟಲಿ ಖಾಲಿ ಆಗ್ಯಾವಲ್ಲವಾ. ನಾನ ನೋಡೇನಿ."

"ಬಾಟಲಿ ಖಾಲಿ ಆಗ್ಯಾವ. ಹನಿ ಎಲ್ಲಿ ಬಿದ್ದಾವ?"

ಎಂಟು ದಿನ ಬಿಟ್ಟು ಹುಚ್ಚವ್ವ ಗಂಡನನ್ನು ಹೇಗೋ ಒಪ್ಪಿಸಿ ಆಪರೇಶನ್ನಿಗೆ ಮೊದಲು ಮಾಡುವ ರಕ್ತ ಪರೀಕ್ಷೆಗೆ ಕರೆತಂದಳು. ಆಮ್ರಪಾಲಿ ಅವನ ಕೈಗೆ ಬಾಟಲಿ ಕೊಟ್ಟು, ದಿನಾ ಹೇಗೆ ಹಾಕಿಕೊಳ್ಳುತ್ತೀರೋ ಹಾಗೆ ಒಂದು ಹನಿ ಹಾಕಿಕೊಳ್ಳಿ ಎಂದಳು. ರೇವಪ್ಪ ತಲೆ ಎತ್ತಿದ, ಬಾಟಲಿ ಒತ್ತಿದ. ಮೊದಲ ಹನಿ ಮೀಸೆಗೆ ಬಿತ್ತು. ಎರಡನೆಯದು ಕಿವಿಗೆ. ಮೂರನೆಯದಕ್ಕೆ ಅವನೇ ಕಣ್ಣು ಮುಚ್ಚಿಕೊಂಡ. ಮೂರು ತಿಂಗಳು, ದಿನಕ್ಕೆ ಎರಡು ಹೊತ್ತು ಹಾಕಿಕೊಂಡ ಕೈ ಅದಲ್ಲ ಎಂದು ನನ್ನಂಥವನಿಗೂ ಗೊತ್ತಾಗುವಂತಿತ್ತು. ಆಮ್ರಪಾಲಿ ಬಾಟಲಿ ಇಸಿದುಕೊಂಡು ಮುಚ್ಚಳ ಹಾಕಿದಳು. "ಒಂದಿನ ನಿಮ್ಮ ಕುರಿ ನೋಡಾಕ ಬರ್ತೇವಿ ಕಾಕಾ" ಎಂದಳು. ರೇವಪ್ಪನಿಗೆ ಖುಷಿಯಾಯಿತು. "ಬರ್ರಿ, ಬರ್ರಿ, ಗಟ್ಟಿ ಹಾಲಿನ ಚಾ ಕುಡಸತೇನಿ" ಎಂದ.

ಮುಂದಿನ ವಾರ ಬಬಲೇಶ್ವರದ ಶಿಬಿರ ಮುಗಿಸಿ ಹೊರಟಾಗ ಮೂರು ಗಂಟೆ. ನೆಟ್ಟಗೆ ವಿಜಯಪುರಕ್ಕೆ ಹೋಗುವುದು ಬಿಟ್ಟು, ವ್ಯಾನನ್ನು ಘೋಣಸಗಿಯ ಕಡೆ ತಿರುಗಿಸಬೇಕೆಂದು ಆಮ್ರಪಾಲಿ ಹಟ ಹಿಡಿದಳು. ನಾನು ದಾರಿಯುದ್ದಕ್ಕೂ ಗೊಣಗಿದೆ. ಎರಡೂ ಕಡೆ ಒಣದ್ರಾಕ್ಷಿಯ ಶೆಡ್ಡುಗಳು, ಜೋಳ ಕೊಯ್ದ ಹೊಲಗಳು. ಊರ ಹೊರಗೆ ಒಂದು ಹೊಲದಲ್ಲಿ ಕುರಿ ಕೂಡಿಸಿದ್ದರು. ಸುತ್ತ ಬಲೆ ಕಟ್ಟಿದ ಹಟ್ಟಿ, ದೊಡ್ಡ ಕುರಿಗಳು ಜೊತೆಯ ಕುರಿಗಾರನೊಂದಿಗೆ ಮೇಯಲು ಹೋಗಿದ್ದವು, ಮರಿಗಳು ಮಾತ್ರ ಇದ್ದವು. ವ್ಯಾನನ್ನು ದಾರಿಯಲ್ಲೇ ನಿಲ್ಲಿಸಿ ನಾವು ನಡೆದುಕೊಂಡು ಹೋದೆವು.

ರೇವಪ್ಪ ನೆಲದ ಮೇಲೆ ಕುಳಿತಿದ್ದ. ಎರಡು ಮೊಣಕಾಲುಗಳ ನಡುವೆ ಒಂದು ಮರಿ. ಎಡಗೈಯಿಂದ ಅದರ ಗದ್ದ ಎತ್ತಿ, ಹೆಬ್ಬೆರಳಿನಿಂದ ಕಣ್ಣಿನ ಕೆಳಗಿನ ರೆಪ್ಪೆ ಎಳೆದು, ಬಲಗೈಯಿಂದ ಒಂದೇ ಒಂದು ಹನಿ ಬಿಟ್ಟ. ಒಂದು ಹನಿಯೂ ಆಚೆ ಈಚೆ ಬೀಳಲಿಲ್ಲ. ಇನ್ನೊಂದು ಕಣ್ಣಿಗೂ ಹಾಕಿ, ಮರಿಯ ತಲೆ ಸವರಿ ಬಿಟ್ಟು, ಮುಂದಿನದನ್ನು ಎಳೆದುಕೊಂಡ. ಕೈಯಲ್ಲಿ ಇದ್ದದ್ದು ನಮ್ಮ ಆಸ್ಪತ್ರೆಯ ಬಾಟಲಿ. ನಾನೇ ಅದರ ಮೇಲೆ ರೇವಪ್ಪ, ಘೋಣಸಗಿ ಎಂದು ಬರೆದ ಚೀಟಿ ಅಂಟಿಸಿದ್ದೆ.

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯುವುದರಲ್ಲಿ ಆಮ್ರಪಾಲಿ ನನ್ನ ತೋಳು ಹಿಡಿದು ನಿಲ್ಲಿಸಿದಳು. ಆಗ ನಾನು ಇನ್ನೊಂದು ಸಂಗತಿ ಗಮನಿಸಿದೆ. ನಾವು ಅವನಿಂದ ಆರೇ ಅಡಿ ದೂರದಲ್ಲಿ, ಎಡಗಡೆಗೆ, ಹಾಡುಹಗಲಲ್ಲಿ ನಿಂತಿದ್ದೆವು. ಅವನಿಗೆ ನಾವು ಕಾಣುತ್ತಿರಲಿಲ್ಲ. ಆಚೆ ಒಲೆಯ ಹತ್ತಿರ ಇದ್ದ ಹುಚ್ಚವ್ವ ನಮ್ಮನ್ನು ನೋಡಿದಳು, ಗಂಡನನ್ನು ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಎರಡನೆಯ ಮರಿಯೂ ಮುಗಿಯಿತು, ಮೂರನೆಯದೂ ಮುಗಿಯಿತು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಆದರೂ ನಾನು ನಾನೇ. ಕೊನೆಗೆ ಕೂಗಿಯೇಬಿಟ್ಟೆ: "ರೇವಪ್ಪಾ! ಆಸ್ಪತ್ರಿ ಔಷಧ ಕುರಿಗೆ ಹಾಕಾಕತ್ತೀರೇನ?"

ಅವನು ಬೆಚ್ಚಿ ಬಲಕ್ಕೆ ನೋಡಿದ, ಆಮೇಲೆ ಪೂರ್ತಿ ಎಡಕ್ಕೆ ತಿರುಗಿದ. "ಅಯ್ಯ ಸಾಹೇಬ್ರ, ಯಾವಾಗ ಬಂದ್ರಿ?" ಎಂದ. ಬಾಟಲಿ ಮುಚ್ಚಿಡಲಿಲ್ಲ, ಸುಳ್ಳೂ ಹೇಳಲಿಲ್ಲ.

"ಮೊದಲ ನಾಕ ದಿನ ನಾನ ಹಾಕ್ಕೊಂಡೆ ನೋಡ್ರಿ. ಆಮ್ಯಾಲ ಮರಿಗೋಳಿಗೆ ಕಣ್ಣ ಬಂದ್ವು. ಪಿಚ್ಚ ಕಟ್ಟಿ, ನೀರ ಸುರದು, ಅವ್ವನ ಮೊಲಿ ಹುಡಕಾಕ ಬರವಲ್ದಂಗ ಆತ್ರಿ ಅವಕ್ಕ. ನನಗ ಎಲ್ಲಿ ಬ್ಯಾನಿ ಐತಿ? ಬ್ಯಾನಿ ಇದ್ದವ್ರಿಗೆ ಔಷಧ ಹಾಕಬೇಕೋ, ಬ್ಯಾನಿ ಇಲ್ಲದವ್ರಿಗೆ ಹಾಕಬೇಕೋ, ನೀವ ಹೇಳ್ರಿ? ಆದ್ರ ಭಾಳ ಚಲೋ ಔಷಧ ಐತ್ರಿ ಬಾಯಾರ. ಎಂಟ ದಿನದಾಗ ಕಣ್ಣ ತೆರದ್ವು. ಅವು ಆರಾಮ ಆಗೂದ್ರಾಗ ಮತ್ತ ಬ್ಯಾರೆ ಮರಿಗೆ ಬರ್ತಾವ, ಅವಕ್ಕ ಹಾಕತೇನಿ."

ಆಮ್ರಪಾಲಿ ಅವನ ಎದುರಿಗೆ ನೆಲದ ಮೇಲೆ ಕುಳಿತಳು. ಬೈಯಲಿಲ್ಲ. "ಕಾಕಾ, ಬಲಗಣ್ಣ ಅಂಗೈಲೆ ಮುಚ್ಚಿಕೋರಿ. ಎಡಗಣ್ಣಿಲೆ ನನ್ನ ಮೂಗ ನೋಡ್ರಿ. ಮೂಗ ಬಿಟ್ಟ ಆಕಡೆ ಈಕಡೆ ನೋಡಬ್ಯಾಡ್ರಿ. ಕಾಕು ಒಂದ ಮರಿ ಕರ್ಕೊಂಡ ಬರ್ತಾರ. ಅದು ಕಂಡಕೂಡ್ಲೆ ಹೇಳ್ರಿ."

ಹುಚ್ಚವ್ವ ಎಡಗಡೆಯಿಂದ ಒಂದು ಬಿಳಿ ಮರಿಯನ್ನು ನಡೆಸಿಕೊಂಡು ಬಂದಳು. ಹತ್ತು ಅಡಿ, ಐದು ಅಡಿ, ಮೂರು ಅಡಿ. ರೇವಪ್ಪ ಆಮ್ರಪಾಲಿಯ ಮೂಗನ್ನೇ ನೋಡುತ್ತಿದ್ದ. "ಎಲ್ಲಿ ಐತ್ರಿ? ತರ್ರಿ" ಎಂದ. ಅಷ್ಟರಲ್ಲಿ ಮರಿ ಅವನ ಮೊಣಕಾಲಿಗೆ ಮೂತಿ ಒರೆಸಿ ಒದರಿತು.

ಅವನು ಕೈ ತೆಗೆದು ಮರಿಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಇನ್ನೊಮ್ಮೆ ಮಾಡಿರಿ ಎಂದ. ಇನ್ನೊಮ್ಮೆ ಮಾಡಿದಾಗಲೂ ಮರಿ ಮೊಣಕಾಲಿಗೆ ತಾಗುವವರೆಗೆ ಕಾಣಲಿಲ್ಲ. ಬಲಗಣ್ಣಿನಲ್ಲಿ ನೋಡಿದಾಗ ಕಂಡಿತು, ಆದರೆ ಮೂಗಿನ ಕಡೆಯಿಂದ ಬಂದಾಗ ತಡವಾಗಿ ಕಂಡಿತು.

"ಎಡಕ್ಕಿಂದು ಹೋಗೇತಿ ಕಾಕಾ" ಎಂದಳು ಆಮ್ರಪಾಲಿ. "ಬ್ಯಾನಿ ಇಲ್ಲದ ಹೋಗೇತಿ. ಈಗ ಬಲಕ್ಕಿಂದು ಹಂಗ ಬ್ಯಾನಿ ಇಲ್ಲದ ಹೋಗಾಕತ್ತೇತಿ. ತಪ್ಪ ನಂದೂ ಐತಿ. ನಿಮಗ ಬರೇ ಅಂಕಿ ಹೇಳ್ತಿದ್ನಿ. ಕಾಣಲಾರದ್ದನ್ನ ತೋರಿಸಿದ್ದಿಲ್ಲ."

ರೇವಪ್ಪ ಮರಿಯ ಬೆನ್ನ ಮೇಲೆ ಕೈ ಆಡಿಸಿದ. ಆಮೇಲೆ, "ಶ್ರಾವಣದಾಗ ಮೂರ ಕುರಿ ತಪ್ಪಿಸಿಕೊಂಡಿದ್ವು" ಎಂದ. "ಎಡಕ್ಕಿನ ಹಳ್ಳಕ್ಕ ಇಳದ ಹೋಗಿದ್ವು. ಕಾಯಲಿಲ್ಲ ಅಂತ ನಾಯಿಗೆ ಹೊಡದೆ. ಮೂಕ ಪ್ರಾಣಿ, ಸುಮ್ನ ಹೊಡಸಿಕೊಂತು."

ಹುಚ್ಚವ್ವ ಅಲ್ಲಿಯೇ ಕುಳಿತಳು. "ನನಗ ಗೊತ್ತಿತ್ರಿ ಬಾಯಾರ" ಎಂದಳು. "ಎರಡ ವರ್ಸ ಆತು. ಎಡಕ್ಕಿನ ಕಲ್ಲಿಗೆ ಎಡವಾಕತ್ತಿದ್ರು, ಗಿಡಕ್ಕ ಹಾಯತಿದ್ರು. ಹೇಳಿದ್ರ ಸಿಟ್ಟ ಮಾಡ್ತಾರ. ಅದಕ ಅವರ ಎಡಕ್ಕ ನಾ ನಡ್ಯಾಕತ್ತೆ."

ರೇವಪ್ಪ ಹೆಂಡತಿಯ ಕಡೆ ಪೂರ್ತಿ ತಿರುಗಿ ನೋಡಿದ. ಎರಡು ವರ್ಷ ಪಕ್ಕದಲ್ಲಿ ನಡೆದವಳನ್ನು ಅವನು ಕಂಡೇ ಇರಲಿಲ್ಲ ಎಂಬುದು ಆಗ ಅವನಿಗೂ ಹೊಳೆದಿರಬೇಕು.

ಕಣ್ಣೊರೆಸಿಕೊಂಡು ಅವನು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ? "ಹಂಗಾದ್ರ ಮರಿಗೋಳಿಗೆ ಏನ ಹಾಕ್ಲಿ?"

ನಾನು ಹಣೆ ಚಚ್ಚಿಕೊಂಡೆ. ಆಮ್ರಪಾಲಿ ಮಾತ್ರ ನಗಲಿಲ್ಲ. ಮರಿಗಳಿಗೆ ಔಷಧ ಸಿಗುವವರೆಗೆ ಈ ಮನುಷ್ಯ ತನ್ನ ಕಣ್ಣಿಗೆ ಹನಿ ಹಾಕಿಕೊಳ್ಳುವುದಿಲ್ಲ ಎಂದು ಅವಳಿಗೆ ಅರ್ಥವಾಗಿತ್ತು. "ಯಾಕೂಬಭಾಯಿ, ತಿಕೋಟಾದ ದನದ ದವಾಖಾನಿ ಐದಕ್ಕ ಮುಚ್ಚತಾರೇನ?" ಎಂದಳು. ಉಪಾಯವಿಲ್ಲದೆ ವ್ಯಾನು ತೆಗೆಸಿಕೊಂಡು ಹೊರಟೆ. ದನದ ಡಾಕ್ಟರು ಎಲ್ಲ ಕೇಳಿ ಹೊಟ್ಟೆ ಹಿಡಿದು ನಕ್ಕರು. ಮರಿಗಳಿಗೆ ಬರುವ ಈ ಕಣ್ಣುಬೇನೆ ಎಷ್ಟೋ ಸಲ ಎಂಟು ದಿನಕ್ಕೆ ತಾನಾಗಿಯೇ ಹೋಗುತ್ತದೆ, ನಿಮ್ಮ ಹನಿಗೆ ಸುಮ್ಮನೆ ಹೆಸರು ಬಂತು ಎಂದರು. ಒಂದು ಮುಲಾಮು ಕೊಟ್ಟು, ನಾಳೆ ತಾವೇ ಬಂದು ನೋಡುವುದಾಗಿ ಹೇಳಿದರು.

ನಾನು ಹಿಂತಿರುಗಿ ಬರುವಷ್ಟರಲ್ಲಿ ಆಮ್ರಪಾಲಿ ಇನ್ನೊಂದು ವ್ಯವಸ್ಥೆ ಮಾಡಿದ್ದಳು. ತನ್ನ ಕಣ್ಣಿಗೆ ತಾನೇ ಹಾಕಿಕೊಳ್ಳುವುದು ರೇವಪ್ಪನಿಂದ ಆಗದ ಕೆಲಸ. ಆದರೆ ಹುಚ್ಚವ್ವನ ಕೈಯೂ ಮರಿ ಹಿಡಿದು ಪಳಗಿದ ಕೈ. ಅವಳು ನೆಲದ ಮೇಲೆ ಕುಳಿತಿದ್ದಳು. ಅಷ್ಟು ದೊಡ್ಡ ಮೀಸೆಯ ಗಂಡ ಅವಳ ಎರಡು ಮೊಣಕಾಲ ನಡುವೆ ತಲೆ ಇಟ್ಟು ಮಲಗಿದ್ದ. ಅವಳು ಗದ್ದ ಎತ್ತಿ, ರೆಪ್ಪೆ ಎಳೆದು, ಒಂದು ಹನಿ ಬಿಟ್ಟಳು. ಹನಿ ಸರಿಯಾಗಿ ಒಳಗೆ ಬಿತ್ತು.

"ಮಿಸಕಾಡಬ್ಯಾಡ್ರಿ" ಎಂದು ಗದರಿಸಿದಳು. "ಮರಿ ಎಷ್ಟೋ ಶಾಣ್ಯಾ ಇರ್ತಾವ."

ಮುಂಜಾನೆ ಕುರಿ ಹಟ್ಟಿ ಬಿಡುವ ಮೊದಲು ಒಂದು, ಸಂಜೆ ಕುರಿ ಎಣಿಸಿ ಒಳಗೆ ಹಾಕಿದ ಮೇಲೆ ಒಂದು. ಕುರಿ ಎಣಿಸುವುದನ್ನು ಅವರು ಯಾವತ್ತೂ ಮರೆಯುವುದಿಲ್ಲ, ಹಾಗಾಗಿ ಹನಿಯೂ ಮರೆಯುವುದಿಲ್ಲ ಎಂದು ಆಮ್ರಪಾಲಿಯ ಲೆಕ್ಕ.

ಮರುದಿನ ಅವನ ಕೇಸ್ ಪೇಪರ್ ತೆಗೆದು ನಾನು ಕುಳಿತೆ. ಏನು ಬರೆಯುವುದು? ಔಷಧ ದುರುಪಯೋಗ ಎಂದು ಬರೆದರೆ ಮುಂದೆ ಅವನಿಗೆ ಹನಿ ಸಿಗುವುದು ಕಷ್ಟ. ಏನೂ ಬರೆಯದಿದ್ದರೆ ಡಾಕ್ಟರು ಹನಿ ಸೋತಿತೆಂದೇ ತಿಳಿದು ಆಪರೇಶನ್ ಮಾಡುತ್ತಾರೆ. ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ: 'ಮೂರು ತಿಂಗಳ ಹನಿ ಕುರಿಮರಿಗಳಿಗೆ ಹಾಕಲಾಗಿದೆ. ರೋಗಿಗೆ ಈಗ ಶುರುವಾಗಿದೆ. ಖಾಲಿ ಬಾಟಲಿ ನೋಡಿ ಮೋಸ ಹೋದವನು ನಾನು.' ಡಾಕ್ಟರ್ ಪೂನಮ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಗಂಭೀರವಾಗಿ, ತಾರೀಖು ಮುಂದೆ ಹಾಕಿ ಒಂದು ತಿಂಗಳು ನೋಡುತ್ತೇನೆ, ಅಷ್ಟರಲ್ಲಿ ಇಳಿಯದಿದ್ದರೆ ಆಪರೇಶನ್, ಆಗ ಯಾರ ಮಾತನ್ನೂ ಕೇಳುವುದಿಲ್ಲ ಎಂದರು.

ಆ ತಿಂಗಳು ಆಮ್ರಪಾಲಿ ಎಷ್ಟು ಕಣ್ಣು ಅಳೆದಳೋ, ಅವಳ ಮನಸ್ಸೆಲ್ಲ ಆ ಒಂದು ಕಣ್ಣಿನ ಮೇಲೆಯೇ ಇತ್ತು. ವಾರಕ್ಕೆ ಎರಡು ಸಲ ಫೋನು ಮಾಡುತ್ತಿದ್ದಳು. 'ಹಾಕೇನ್ರಿ ಬಾಯಾರ, ಹಾಕೇನಿ' ಎಂದು ಹುಚ್ಚವ್ವನ ದನಿ ನನ್ನ ಟೇಬಲ್ಲಿನವರೆಗೂ ಕೇಳುತ್ತಿತ್ತು.

ತಿಂಗಳು ತುಂಬಿದ ದಿನ ಅವರು ಬಂದರು. ಜೊತೆಗೆ ಮೂವತ್ತೆರಡು ವರ್ಷದ ಮಗ ಅಮೋಘಸಿದ್ದ. ಅವನು ಇಟ್ಟಂಗಿಹಾಳದ ಹತ್ತಿರ ಒಂದು ದ್ರಾಕ್ಷಿ ತೋಟದಲ್ಲಿ ಕೆಲಸ ಮಾಡುತ್ತಾನೆ. ಈ ರೋಗ ಒಬ್ಬರಿಗಿದ್ದರೆ ಮಕ್ಕಳನ್ನೂ, ಅಣ್ಣತಮ್ಮಂದಿರನ್ನೂ ನೋಡಬೇಕು ಎಂದು ಆಮ್ರಪಾಲಿ ಹೇಳಿದ್ದಳು. ಅಪ್ಪ ಅವನನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದಿದ್ದ. "ನನಗೇನೂ ಆಗಿಲ್ಲ" ಎಂದು ಮಗ ಹೇಳಿದಾಗ, "ನಾನೂ ಹಿಂಗ ಅಂದಿದ್ನಿ, ಮುಚ್ಚಲೇ ಬಾಯಿ" ಎಂದ.

ರೇವಪ್ಪ ಕುರ್ಚಿಯಲ್ಲಿ ಕುಳಿತ. ಆಮ್ರಪಾಲಿ ಹೊಸ ಕಡ್ಡಿ ಹಾಕಿದಳು. ಅವತ್ತು ಯಂತ್ರವನ್ನು ಒಮ್ಮೆ ಕೆಳಗಿಳಿಸಿ ಮತ್ತೆ ಎತ್ತಿದಳು. ನಾನು ಸಾಲನ್ನು ಬಿಟ್ಟು ಬಾಗಿಲಲ್ಲಿ ನಿಂತಿದ್ದೆ. ಹೊರಗೆ ಯಾರೋ ಸಾಲು ಮುರಿದರು, ಮುರಿಯಲಿ ಎಂದು ಬಿಟ್ಟೆ. ಯಂತ್ರ ಆರು ಸಲ ತಾಗಿತು. ಅವಳು ಅಂಕಿಯನ್ನು ನೋಡಿದಳು, ಇನ್ನೊಮ್ಮೆ ಅಳೆದಳು. ಎಡಗಣ್ಣನ್ನೂ ಅಳೆದಳು.

"ಬರ್ಕೋರಿ ಯಾಕೂಬಭಾಯಿ" ಎಂದಳು. "ಬಲಗಣ್ಣ ಹದಿನಾರ. ಎಡಗಣ್ಣ ಹದಿನೆಂಟ."

"ಎಷ್ಟ?" ಎಂದೆ, ಕೇಳಿಸಿದ್ದರೂ.

"ಹದಿನಾರ!"

ಡಾಕ್ಟರು ನರ ನೋಡಿ ಆಪರೇಶನ್ ತಾರೀಖಿಗೆ ಅಡ್ಡಗೆರೆ ಎಳೆದರು. ಹನಿ ನಿಲ್ಲಿಸಬಾರದು, ಮೂರು ತಿಂಗಳಿಗೊಮ್ಮೆ ಬರಬೇಕು ಎಂದರು. ಅಮೋಘಸಿದ್ದನಿಗೆ ಇಪ್ಪತ್ನಾಲ್ಕು ಬಂತು. ಅವನ ನರಕ್ಕೆ ಇನ್ನೂ ಏನೂ ಆಗಿರಲಿಲ್ಲ, ಸರಿಯಾದ ಹೊತ್ತಿಗೆ ಬಂದೆ, ಆರು ತಿಂಗಳಿಗೊಮ್ಮೆ ತೋರಿಸುತ್ತಿರು ಎಂದರು. ಮಗನ ಮುಖ ಬಿಳಿಚಿತು, ಅಪ್ಪ ಅವನ ಬೆನ್ನು ತಟ್ಟಿದ.

ಹೊರಡುವಾಗ ರೇವಪ್ಪ ಕೇಳಿದ: "ಬಾಯಾರ, ಹೋದದ್ದ ಹೊಳ್ಳಿ ಬರ್ತೈತೇನ್ರಿ?"

"ಇಲ್ಲ ಕಾಕಾ. ಹೋದದ್ದ ಬರೂದಿಲ್ಲ. ಇದ್ದದ್ದನ್ನ ಹೋಗಾಕ ಬಿಡೂದ ಬ್ಯಾಡ."

ಅವನು ತಲೆ ಅಲ್ಲಾಡಿಸಿದ. ಅವತ್ತಿನಿಂದ ನಾನು ಖಾಲಿ ಬಾಟಲಿ ಕೇಳುವುದನ್ನು ಬಿಟ್ಟಿದ್ದೇನೆ. ಈಗ ಹೊಸ ನಿಯಮ: ನನ್ನ ಟೇಬಲ್ಲಿನ ಮುಂದೆ ಒಂದು ಹನಿ ಹಾಕಿ ತೋರಿಸಬೇಕು. ಹಾಕಿಕೊಳ್ಳಲು ಬಾರದವರು, ಹಾಕುವವರನ್ನು ಕರೆದುಕೊಂಡು ಬರಬೇಕು. ಸಾಲು ಇನ್ನಷ್ಟು ಉದ್ದವಾಗಿದೆ, ನನ್ನ ಊಟ ನಾಲ್ಕು ಗಂಟೆಗೆ. ಆಮ್ರಪಾಲಿ ಆಗಾಗ ತನ್ನ ಡಬ್ಬಿಯ ಒಂದು ರೊಟ್ಟಿಯನ್ನು ನನ್ನ ಟೇಬಲ್ಲಿನ ಮೇಲೆ ಇಟ್ಟು ಹೋಗುತ್ತಾಳೆ.

ಅವರು ಮೂವರೂ ಅವತ್ತು ಅಂಗಳ ದಾಟಿ ಹೋಗುವುದನ್ನು ನಾನೂ ಆಮ್ರಪಾಲಿಯೂ ಬಾಗಿಲಲ್ಲಿ ನಿಂತು ನೋಡಿದೆವು. ಮೆಟ್ಟಿಲು ಇಳಿಯುತ್ತಲೇ ಹುಚ್ಚವ್ವ ರೂಢಿಯಂತೆ ಗಂಡನ ಎಡಗಡೆಗೆ ಸರಿದಳು. ರೇವಪ್ಪ ನಿಂತ. ಅವಳ ತೋಳು ಹಿಡಿದು ತನ್ನ ಬಲಕ್ಕೆ ಕರೆದುಕೊಂಡ.

"ಎಡಕ್ಕ ಮಗ ನಡೀತಾನ" ಎಂದ. "ನೀ ಈಕಡೆ ಬಾ ಬೇ, ನನಗ ಕಾಣೂ ಕಡೆ."